ಗುಂಡಿನ ಅಚ್ಚು

ನಮ್ಮ ಮನೆಯ ಚಾವಡಿಯ ಪಡುವಣ ಗೋಡೆಯಲ್ಲಿ ಎರಡು ಮರದ ಗೂಟಗಳಿವೆ. ಅವುಗಳ ಮೇಲೆ ನನ್ನ ಸೋದರಮಾವನವರ ಕಾಲಕ್ಕೂ ಹಿಂದಿನಿಂದ ಒಂದು ಕೇಪಿನ ಕೋವಿ ಮಲಗಿಕೊಂಡಿದ್ದಿತು. ಈಗ ಅದು ಅಲ್ಲಿಲ್ಲ. ಗೂಟಗಳು ಮಾತ್ರ ಉಳಿದಿವೆ. ಮನೆಗೆ ಬಂದ ಮಕ್ಕಳು ಮಳೆಗಾಲದಲ್ಲಿ ಅವುಗಳಿಗೆ ಕೊಡೆಗಳನ್ನು ತೂಗಹಾಕುತ್ತಾರೆ. 2024ನೆಯ ಇಸವಿಯ ಲೋಕಸಭಾ ಚುನಾವಣೆಯ ಕಾಲದಲ್ಲಿ ನೆರೆಹೊರೆಯ ಕೃಷಿಕರಂತೆ ನಾನೂ ಕೋವಿಯನ್ನು ಠಾಣೆಗೆ ಒಪ್ಪಿಸಿ ರಶೀದಿಯನ್ನು ತಂದಿದ್ದೆನು. ಚುನಾವಣೆ ಮುಗಿಯಿತು, ಇತರರು ತಮ್ಮ ತಮ್ಮ ಕೋವಿಗಳನ್ನು ಹಿಂದಕ್ಕೆ ತಂದರು. ನಾನು ಮಾತ್ರ, ಈ ಕೋವಿಯೂ ಇದರ ಪರವಾನಗಿಯೂ ಇನ್ನು ನನಗೆ ಬೇಡವೆಂದು ಬರೆದುಕೊಟ್ಟು ಬರಿಗೈಯಲ್ಲಿ ಬಂದೆನು.

“ಹಂದಿಯ ಕಾಟ ದಿನದಿಂದ ದಿನಕ್ಕೆ ಏರುತ್ತಿರುವಾಗ ಇವರಿಗೆ ಇದೇನು ವೈರಾಗ್ಯ?” ಎಂದು ನೆರೆಯವರು ಕೇಳಿದುದುಂಟು. ವೈರಾಗ್ಯವೇನೂ ಅಲ್ಲ. ಇದು ಗುಂಡಿನ ವಿಷಯ. ಕೋವಿಯ ಕಥೆಯನ್ನು ಕೇಳಲು ಎಲ್ಲರಿಗೂ ಆಸೆಯಿದೆ. ಗುಂಡಿನ ಕಥೆಯನ್ನು ಕೇಳುವವರಿಲ್ಲ. ನಮ್ಮ ಜಿಲ್ಲೆಯ ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’, ‘ಈಡೊಂದು ಹುಲಿಯೆರಡು’ ಎಂಬ ಪುಸ್ತಕಗಳನ್ನು ಓದಿದ ವಾಚಕರು ಅನೇಕರಿರಬಹುದು. ನನಗೆ ಅಂತಹ ಸಾಹಸಗಳ ನೆನಪಿಲ್ಲ. ನನಗಿರುವುದು ಒಂದು ಈಡಿನ ನೆನಪು. ಅದೂ ನಾಚಿಕೆಯ ನೆನಪು. ಅದನ್ನು ಹೇಳುವುದಕ್ಕೆ ಮೊದಲು ಸೀಸ ಎಲ್ಲಿಂದ ಬರುತ್ತಿದ್ದಿತು ಎಂಬುದನ್ನು ಹೇಳಬೇಕು.

ಕಾರ್ಕಳದಿಂದ ಪೂರ್ವಕ್ಕೆ, ಬಜಗೋಳಿಯನ್ನು ದಾಟಿ ಮಾಳದ ಕಡೆಗೆ ಹೋದಂತೆ ಘಟ್ಟವು ಎದುರಿಗೇ ಎದ್ದು ನಿಲ್ಲುತ್ತದೆ. ಅಂತಹ ಒಂದು ಘಟ್ಟದ ಬುಡದಲ್ಲಿ ನನ್ನ ತಾಯಿಯ ತರವಾಡು ಮನೆ. ಅಳಿಯಸಂತಾನದ ಪದ್ಧತಿಯಂತೆ ಮಾವನವರೇ ಮನೆಯ ಯಜಮಾನರು. ಮನೆಯ ಮುಂದೆ ಗದ್ದೆ, ಗದ್ದೆಯ ಅಂಚಿಗೆ ತೋಡು, ತೋಡಿನ ಆಚೆಗೆ ಕಾಡು. ಭತ್ತವು ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಹಿಂಡಾಗಿ ಇಳಿಯುವವು. ತಿಂದುದಕ್ಕಿಂತ ಹೊರಳಿ ಕೆಡಿಸಿದುದೇ ಹೆಚ್ಚು. ಒಂದು ರಾತ್ರಿಯಲ್ಲಿ ನಾಲ್ಕು ತಿಂಗಳ ದುಡಿಮೆ ಮಣ್ಣುಪಾಲಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದುದರಿಂದ ಬೆಳೆ ಕಾಯುವುದಕ್ಕೆಂದು ಮಾವನವರ ಹೆಸರಿನಲ್ಲಿ ಕೋವಿಗೆ ಪರವಾನಗಿ ಇದ್ದಿತು. 1959ರ ಶಸ್ತ್ರಾಸ್ತ್ರ ಕಾಯಿದೆಯೂ, ನಿಜವಾಗಿ ಬೆಳೆ ಕಾಯುವವನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಕೊಡಬಹುದೆಂದು ಪ್ರತ್ಯೇಕವಾಗಿ ಹೇಳುತ್ತದೆ. ಕಾಯಿದೆ ಮಾಡಿದವರಿಗೂ ನಮ್ಮಂತಹವರ ಗದ್ದೆಗಳ ನೆನಪಿದ್ದಿರಬೇಕು.

ಕೇಪಿನ ಕೋವಿಯನ್ನು ಕಾಣದ ಎಳೆಯ ವಾಚಕರಿಗಾಗಿ ಎರಡು ಮಾತು. ತೋಟೆಯ ಕೋವಿಗೆ ಅಂಗಡಿಯಿಂದ ತಂದ ತೋಟೆಯನ್ನು ಹಿಂದಿನಿಂದ ತುರುಕಿದರೆ ಕೆಲಸ ಮುಗಿಯಿತು. ಕೇಪಿನ ಕೋವಿಯಲ್ಲಿ ಹಾಗಲ್ಲ. ನಳಿಗೆಯ ಬಾಯಿಯಿಂದ ಮೊದಲು ಮದ್ದು ಸುರಿಯಬೇಕು. ಅದರ ಮೇಲೆ ತೆಂಗಿನ ನಾರನ್ನಿಟ್ಟು ಗಜದಿಂದ ಜಡಿಯಬೇಕು. ಬಳಿಕ ಗುಂಡು, ಅದು ಜಾರದಂತೆ ಮತ್ತೆ ನಾರು. ಕಡೆಗೆ ಹಿಂದಿನ ಮೊಳೆಯ ಮೇಲೆ ತಾಮ್ರದ ಸಣ್ಣ ಕೇಪನ್ನು ಕೂರಿಸಿ ಕುದುರೆಯನ್ನು ಹಿಂದಕ್ಕೆಳೆದು ಕಾಯಬೇಕು. ಬಿಲ್ಲನ್ನು ಒತ್ತಿದರೆ ಕುದುರೆ ಕೇಪಿಗೆ ಬಡಿದು ಮದ್ದಿಗೆ ಬೆಂಕಿ ತಗಲುತ್ತದೆ. ಒಂದು ಈಡು ಹಾರಿಸಿದ ಮೇಲೆ ಇಷ್ಟನ್ನೂ ಹೊಸದಾಗಿ ಮಾಡಬೇಕು. ಆ ಹೊತ್ತಿಗೆ ಹಂದಿ ಮತ್ತೊಂದು ಊರನ್ನು ಸೇರಿರುತ್ತದೆ. ಎರಡನೆಯ ಈಡು ಎಂಬುದಿಲ್ಲ. ಆದುದರಿಂದಲೇ ಮೊದಲನೆಯ ಗುಂಡಿಗೆ ಅಷ್ಟು ಮಹತ್ವ.

ಗುಂಡನ್ನು ಮನೆಯಲ್ಲಿಯೇ ಎರೆಯುತ್ತಿದ್ದರು. ಅದಕ್ಕೊಂದು ಅಚ್ಚು. ನೋಡಲು ಅಡಿಗೆಮನೆಯ ಇಕ್ಕಳದಂತೆಯೇ ಇದೆ. ಮುಚ್ಚಿದಾಗ ಒಳಗೆ ಒಂದು ಗೋಲಿಯಷ್ಟು ಜಾಗ. ಕೋವಿಯ ಬಾಯಿಯ ಅಳತೆಯನ್ನು ಇಂಗ್ಲಿಷರು ಸೀಸದ ಲೆಕ್ಕದಲ್ಲಿಯೇ ಹೇಳುತ್ತಿದ್ದರು. ಒಂದು ರಾತಲು ಸೀಸದಿಂದ ಬಾಯಿಗೆ ಸರಿಯಾಗುವ ಹನ್ನೆರಡು ಗುಂಡುಗಳಾದರೆ ಅದು 12ನೆಯ ನಂಬರಿನ ಕೋವಿ; ಹದಿನಾರಾದರೆ 16ನೆಯದು. ನಂಬರು ಹೆಚ್ಚಿದಂತೆ ಬಾಯಿ ಸಣ್ಣದು. ಇಂದಿಗೂ ಲೋಕವೆಲ್ಲ ‘ಟ್ವೆಲ್ವ್ ಬೋರ್’ ಎನ್ನುವುದು ಈ ಹಳೆಯ ಲೆಕ್ಕವನ್ನೇ. ಆ ಗುಂಡಿನ ತೂಕ ಸುಮಾರು 38 ಗ್ರಾಂ. ನಮ್ಮದು 16ರ ಕೋವಿ; ಅದರ ಗುಂಡು ಒಂದು ಔನ್ಸು, ಎಂದರೆ 28 ಗ್ರಾಮಿನಷ್ಟು ತೂಗಬೇಕು. ಗುಂಡು ಸಲೀಸಾಗಿ ಇಳಿಯಬೇಕಾದುದರಿಂದ ನಮ್ಮ ಅಚ್ಚು ಬಾಯಿಗಿಂತ ಕೂದಲೆಳೆಯಷ್ಟು ಕಿರಿದು.

ಅಚ್ಚು ಇದ್ದರಾಯಿತೆ? ಸೀಸ ಬೇಕು. ಮದ್ದು, ಕೇಪುಗಳನ್ನು ಮಾವನವರು ಪರವಾನಗಿಯ ಪುಸ್ತಕವನ್ನು ಕೊಂಡುಹೋಗಿ ಮಂಗಳೂರಿನಿಂದ ತರುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲಾಯತಿ ತೋಟೆಗಳ ಹಡಗು ನಿಂತಾಗ ಜೋಡುನಳಿಗೆಯ ಶ್ರೀಮಂತರು ಹೇಗೆ ಸುಟ್ಟ ತೋಟೆಯ ಹಿತ್ತಾಳೆಯ ಚಿಪ್ಪುಗಳನ್ನು ಹೆಕ್ಕಿ ತಂದು ಮತ್ತೆ ತುಂಬಿಸಿಕೊಳ್ಳುತ್ತಿದ್ದರೆಂಬುದನ್ನು ಅವರು ಬಹಳ ಸ್ವಾರಸ್ಯವಾಗಿ ವರ್ಣಿಸುತ್ತಿದ್ದರು. ಕಾಗದದ ಚಿಪ್ಪಿನ ತೋಟೆಗಳಂತೂ ನಮ್ಮ ಆಷಾಢದ ಮಳೆಗೆ ಹಪ್ಪಳದಂತೆ ಉಬ್ಬಿ ನಳಿಗೆಯೊಳಕ್ಕೆ ಇಳಿಯುತ್ತಲೇ ಇರಲಿಲ್ಲವಂತೆ. “ಆಗ ನಮ್ಮ ಕೋವಿಯನ್ನು ಕಂಡು ನಕ್ಕವರೆಲ್ಲ ನಮ್ಮ ಚಾವಡಿಗೆ ಬಂದು ಸೀಸ ಇದೆಯೇ ಎಂದು ಕೇಳಿದರು” ಎಂದು ಹೇಳುವಾಗ ಅವರ ಮೀಸೆಯಲ್ಲಿ ನಗು ಆಡುತ್ತಿದ್ದಿತು.

ಮಾವನವರ ಸೀಸ ಬರುತ್ತಿದ್ದುದು ಕಡಲಿನಿಂದ. ಕಾಪುವಿನಲ್ಲಿ ಅವರಿಗೆ ಎಳವೆಯಿಂದಲೂ ಸ್ನೇಹಿತರಾದ ಒಬ್ಬ ಮೊಗವೀರರಿದ್ದರು. ಬೀಸುಬಲೆಯ ಅಂಚಿಗೆ ಸೀಸದ ಮಣಿಗಳನ್ನು ಕಟ್ಟಿರುತ್ತಾರೆಂಬುದು ಕಡಲ ಕರೆಯವರಿಗೆ ತಿಳಿದ ಸಂಗತಿ. ಆ ಭಾರದಿಂದಲೇ ಬಲೆ ನೀರಿನ ತಳಕ್ಕೆ ಕೂತು ಮೀನನ್ನು ಮುಚ್ಚುತ್ತದೆ. ಬಲೆ ಜೀರ್ಣವಾದಾಗ ಮಣಿಗಳನ್ನು ಕಳಚಿ ಇಡುತ್ತಿದ್ದರು. ಹತ್ತಿಯ ನೂಲಿನ ಬಲೆಗಳು ಹೋಗಿ ನೈಲಾನು ಬಲೆಗಳು ಬರುತ್ತಿದ್ದ ಆ ಕಾಲದಲ್ಲಿ ಹಳೆಯ ಮಣಿಗಳಿಗೆ ಕೊರತೆಯಿರಲಿಲ್ಲ. ಮಾವನವರು ವರ್ಷಕ್ಕೊಮ್ಮೆ ಬೆಳ್ಮಣ್ಣು, ಶಿರ್ವ ಮಾರ್ಗವಾಗಿ ಕಾಪುವಿಗೆ ಹೋಗುವರು. ಇಲ್ಲಿಂದ ಕುಚ್ಚಿಗೆ ಅಕ್ಕಿ, ಹಲಸಿನ ಹಪ್ಪಳ, ಒಂದು ಭರಣಿ ಮಾವಿನ ಮಿಡಿ. ಅಲ್ಲಿಂದ ಒಣಮೀನು, ಅದರ ಅಡಿಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಸೀಸ. ಚಿಕ್ಕವನಾಗಿ ನಾನೂ ಎರಡು ಸಲ ಹೋಗಿದ್ದೆನು. 1901ರಲ್ಲಿ ಕಟ್ಟಿದ ದೀಪಸ್ತಂಭದ ಬುಡದ ಬಂಡೆಯ ಮೇಲೆ ಕುಳಿತು ಇಬ್ಬರು ಹಿರಿಯರು ಸೀಸದ ತುಂಡುಗಳನ್ನು ಉಗುರಿನಿಂದ ಗೀರಿ ಗೀರಿ ನೋಡುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಉಗುರಿನಿಂದ ಗೀರುವುದೇ ಪರೀಕ್ಷೆ. ಗೆರೆ ಮೂಡಿದರೆ ಮೆದುಸೀಸ, ಗುಂಡಿಗೆ ಯೋಗ್ಯ. ಮೂಡದಿದ್ದರೆ ಅದರಲ್ಲಿ ಬೇರೆ ಲೋಹ ಬೆರೆತಿದೆಯೆಂದು ತಿಳಿದು ಮಾವನವರು ಅದನ್ನು ಬದಿಗೆ ಸರಿಸುವರು. ನೆಲಕ್ಕೆ ಬಿಟ್ಟು ಶಬ್ದವನ್ನು ಕೇಳುವುದೂ ಉಂಟು. ಮೆದುಸೀಸವು ಹಸಿಮಣ್ಣಿನ ಮುದ್ದೆ ಬಿದ್ದಂತೆ ಬೀಳುತ್ತದೆ. ಬೆರಕೆಯದು ತುಸು ಮಿಡಿಯುತ್ತದೆ.

ಎರೆಯುವ ದಿನವು ನಮಗೆ ಹಬ್ಬ. ಹಟ್ಟಿಯ ಹಿಂದೆ ಮೂರು ಕಲ್ಲುಗಳನ್ನಿಟ್ಟು, ಗೆರಟೆಯ ಕೆಂಡವನ್ನು ಮಾಡಿ, ಕಬ್ಬಿಣದ ಸೌಟಿನಲ್ಲಿ ಸೀಸವನ್ನು ಕರಗಿಸುವರು. ಮಕ್ಕಳು ಗಾಳಿಯ ಕೆಳಬದಿಯಲ್ಲಿ ನಿಲ್ಲಕೂಡದೆಂಬುದು ಕಟ್ಟಪ್ಪಣೆ. ಸೀಸದ ಹೊಗೆಯೂ ಧೂಳೂ ಮೈಗೆ ವಿಷವೆಂಬುದು ಇಂದು ಶಾಲೆಯ ಹುಡುಗರಿಗೂ ಗೊತ್ತು. ಮಾವನವರಿಗೆ ಅದನ್ನು ಯಾರು ಹೇಳಿದ್ದರೋ. ಅಚ್ಚಿನ ಒಳಮೈಯನ್ನು ದೀಪದ ಮಸಿಗೆ ಹಿಡಿದು ಕಪ್ಪಾಗಿಸುವರು. ಹಾಗೆ ಮಾಡಿದರೆ ಸೀಸ ಅಂಟುವುದಿಲ್ಲ. ತಣ್ಣಗಿನ ಅಚ್ಚಿನಲ್ಲಿ ಎರೆದ ಮೊದಲಿನ ನಾಲ್ಕೈದು ಗುಂಡುಗಳು ಮುದುಕರ ಮುಖದಂತೆ ಸುಕ್ಕುಗಟ್ಟಿ ಬರುವವು. ಅವನ್ನು ಮತ್ತೆ ಸೌಟಿಗೆ ಹಾಕುವರು. ಅಚ್ಚು ಬಿಸಿಯೇರಿದ ಮೇಲೆ ನುಣುಪಾದ, ಬೆಳ್ಳಿಯಂತೆ ಹೊಳೆಯುವ ಗುಂಡುಗಳು ಒಂದೊಂದಾಗಿ ತೌಡಿನ ರಾಶಿಯ ಮೇಲೆ ಉರುಳುವವು.

ಅಷ್ಟಕ್ಕೇ ಮುಗಿಯಲಿಲ್ಲ. ಗುಂಡುಗಳನ್ನು ಒಂದು ಹರಿವಾಣದಲ್ಲಿ ಉರುಳಿಸುವರು. ಒಳಗೆ ಗಾಳಿ ಸಿಕ್ಕಿ ಟೊಳ್ಳಾದ ಗುಂಡು ನೇರವಾಗಿ ಉರುಳದೆ ಕುಡಿದವನಂತೆ ವಾಲುತ್ತದೆ. ಅದು ಗಾಳಿಯಲ್ಲಿಯೂ ಹಾಗೆಯೇ ವಾಲುವುದು. ಅಂತಹದನ್ನು ಮತ್ತೆ ಕರಗಿಸುವರು. ಮೂವತ್ತು ಎರೆದರೆ ಇಪ್ಪತ್ತು ಮಾತ್ರ ಚೀಲಕ್ಕೆ ಸೇರುವವು. “ಇಷ್ಟೊಂದು ಮಡಿ ಯಾತಕ್ಕೆ ಮಾವ? ಹಂದಿಗೆ ಇದೆಲ್ಲ ತಿಳಿಯುವುದೇ?” ಎಂದು ನಾನೊಮ್ಮೆ ಕೇಳಿದೆನು. ಮಾವನವರು ತಲೆಯೆತ್ತದೆ, “ಹಂದಿಗೇ ಮೊದಲು ತಿಳಿಯುವುದು” ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಮುಂದುವರಿದು ಹೇಳಿದರು: “ಈಡು ತಪ್ಪಿದರೆ ಪಾಪವಿಲ್ಲ ಮಗಾ; ಹಂದಿಗೂ ಲಾಭ, ನಮಗೂ ಬುದ್ಧಿ. ಈಡು ತಾಗಿಯೂ ಸಾಯದೆ ಹೋದರೆ, ಅದು ಪಾಪ.” ಆಗ ನನಗೆ ಇದೊಂದು ಮಾತಿನ ಚಮತ್ಕಾರವಾಗಿ ತೋರಿತು.

ಇನ್ನು ನನ್ನ ಕಥೆ. 1971ನೆಯ ಇಸವಿಯಲ್ಲಿ ನಾನು ಉಡುಪಿಯಲ್ಲಿ ಕಾಲೇಜು ಓದುತ್ತಿದ್ದೆನು. ಸಂಜೆಯ ಹೊತ್ತು ಒಂದು ಸಣ್ಣ ಮುದ್ರಣಾಲಯದಲ್ಲಿ ಕರಡು ತಿದ್ದಿ ಕೈಖರ್ಚಿಗೆ ನಾಲ್ಕು ಕಾಸು ಗಳಿಸುತ್ತಿದ್ದೆನು. ಆ ವರ್ಷ ಮಾವನವರ ಗುಂಡಿನ ಚೀಲ ಬರಿದಾಗಿದ್ದಿತು. ಕಾಪುವಿನ ಸ್ನೇಹಿತರು, “ಸೀಸದ ಬೆಲೆ ಏರಿದೆ, ಹೊಸ ಬಲೆಗೆ ನನಗೇ ಸಾಲದು. ದೀಪಾವಳಿಯ ಮೇಲೆ ನೋಡುವ” ಎಂದು ಹೇಳಿಕಳುಹಿಸಿದ್ದರು. ಮಾವನವರು ಬೇರೆ ಸೀಸವನ್ನು ಹುಡುಕಲಿಲ್ಲ. ರಾತ್ರಿ ಅಟ್ಟಣೆಗೆ ಹೋಗಿ, ಗುಂಡಿಲ್ಲದೆ ಬರಿಯ ಮದ್ದಿನ ಈಡು ಹಾರಿಸಿ ಹಂದಿಗಳನ್ನು ಬೆದರಿಸಿ ಬರುವರು. ಹಂದಿಗಳು ಎರಡು ದಿನ ಹೆದರಿದವು. ಮೂರನೆಯ ದಿನ ಹೆದರಲಿಲ್ಲ. ಏಣೆಲು ಬೆಳೆಯ ಕಾಲುಭಾಗ ಹೋಯಿತು. ರಜೆಗೆ ಬಂದಿದ್ದ ನನಗೆ ಮಾವನವರ ಈ ಹಟವು ಮುದಿತನದ ಲಕ್ಷಣವೆಂದು ಕಂಡಿತು.

ನಾನು ವಿದ್ಯಾವಂತನಲ್ಲವೆ! ಮುದ್ರಣಾಲಯದಲ್ಲಿ ಸವೆದು ಮುರಿದ ಅಚ್ಚಿನ ಮೊಳೆಗಳನ್ನು ಒಂದು ಡಬ್ಬದಲ್ಲಿ ಕೂಡಿಟ್ಟು ತೂಕಕ್ಕೆ ಮಾರುವುದು ವಾಡಿಕೆ. ಮೊಳೆಯೆಂದರೆ ಸೀಸವೇ ಅಲ್ಲವೆ ಎಂದುಕೊಂಡು ಒಂದು ಪೊಟ್ಟಣದಷ್ಟನ್ನು ಕೊಂಡು ತಂದಿದ್ದೆನು. ಅದು ಬರಿಯ ಸೀಸವಲ್ಲವೆಂಬುದು ನನಗೆ ತಿಳಿಯದ ಸಂಗತಿಯಲ್ಲ. ಸಾವಿರಾರು ಪ್ರತಿಗಳ ಒತ್ತಡಕ್ಕೆ ಅಕ್ಷರದ ಮುಖ ಸವೆಯಬಾರದೆಂದು ಅದಕ್ಕೆ ಅಂಜನವನ್ನೂ ತವರವನ್ನೂ ಬೆರೆಸುತ್ತಾರೆ. ಉಗುರಿನ ಗೆರೆ ಅದರ ಮೇಲೆ ಮೂಡುವುದಿಲ್ಲ. ಆದರೆ ಕಳೆದ ಶತಮಾನದ ಹಿಂದಿನ ಆಂಗ್ಲ ಬೇಟೆಗಾರ ಸಾಮುವೆಲ್ ಬೇಕರನು ಸಿಂಹಳದಲ್ಲಿ ಆನೆಗಳಿಗೆ ಗಟ್ಟಿಗೊಳಿಸಿದ ಸೀಸವನ್ನು ಉಪಯೋಗಿಸಿದ ಸಂಗತಿಯನ್ನು ನಾನು ಕಾಲೇಜಿನ ಗ್ರಂಥಾಲಯದಲ್ಲಿ ಓದಿದ್ದೆನು. ಆನೆಯನ್ನು ಕೆಡವುವ ಗುಂಡಿಗೆ ಹಂದಿ ಯಾವ ಲೆಕ್ಕ? ತೆಳುಚರ್ಮದ ಮೃಗಗಳಿಗೆ ಮಾತ್ರ ಅಪ್ಪಟ ಮೆದುಸೀಸವೇ ಬೇಕೆಂದು ಅದೇ ಬೇಕರನು ವಾದಿಸಿದುದನ್ನು ನಾನು ಓದಿದ್ದು ಅನೇಕ ವರ್ಷಗಳ ಮೇಲೆ. ಅರ್ಧ ಓದಿದವನ ಕೈಗೆ ಕೋವಿ ಸಿಕ್ಕಿದರೆ ಏನಾಗುವುದೋ ಅದೇ ಆಯಿತು.

ಮಾವನವರು ಕೋರ್ಟಿನ ಕೆಲಸಕ್ಕಾಗಿ ಮಂಗಳೂರಿಗೆ ಹೋದ ದಿನ ನಾನು ಹಟ್ಟಿಯ ಹಿಂದೆ ಬೆಂಕಿ ಹಾಕಿದೆನು. ಸೌಟಿನಲ್ಲಿ ಅಕ್ಷರಗಳು ಕರಗುವುದನ್ನು ನೋಡುವುದೇ ಒಂದು ವಿಚಿತ್ರ. ಒತ್ತು, ದೀರ್ಘ, ಕೊಂಬುಗಳು ಒಂದೊಂದಾಗಿ ವಾಲಿ ಮುಳುಗಿದವು. ಗುಂಡುಗಳು ಮಾವನವರವಕ್ಕಿಂತ ಚೆನ್ನಾಗಿಯೇ ಬಂದವು: ಒಂದು ಸುಕ್ಕಿಲ್ಲ, ಅಂಚು ಹರಿತ, ಹೊಳಪು ಕನ್ನಡಿಯಂತೆ. ಆದರೆ ಒಂದು ಎಡವಟ್ಟು. ಮೆದುಸೀಸವು ಆರುವಾಗ ಕುಗ್ಗುತ್ತದೆ. ಅಂಜನ ಬೆರೆತುದು ಅಷ್ಟು ಕುಗ್ಗುವುದಿಲ್ಲ. ಅಕ್ಷರದ ಅಂಚು ಚೂಪಾಗಿ ಮೂಡುವುದಕ್ಕಾಗಿಯೇ ಮುದ್ರಣಕಾರರು ಆ ಗುಣವನ್ನು ಮೆಚ್ಚಿಕೊಂಡದ್ದು. ಹಾಗಾಗಿ ಅದೇ ಅಚ್ಚಿನಿಂದ ಬಂದ ನನ್ನ ಗುಂಡುಗಳು ಮಾವನವರವಕ್ಕಿಂತ ಕೂದಲೆಳೆಯಷ್ಟು ದಪ್ಪ, ತೂಕದಲ್ಲಿ ಹಗುರ. ನಳಿಗೆಯ ಬಾಯಲ್ಲಿ ಸಿಕ್ಕಿಕೊಂಡವು. ಗುಂಡು ಮದ್ದಿನ ಮೇಲೆ ಕೂರದೆ ನಡುವೆ ನಿಂತರೆ ನಳಿಗೆಯೇ ಸಿಡಿಯಬಹುದೆಂದು ಮಾವನವರು ಗಜಕ್ಕೆ ಗುರುತಿನ ಗೀರು ಹಾಕಿದ್ದರು. ಅದಕ್ಕೆ ಹೆದರಿ ಒಂದು ಗುಂಡನ್ನು ಅರದಿಂದ ಉಜ್ಜಿ ಸಣ್ಣದು ಮಾಡಿದೆನು. ಉಜ್ಜಿದ ಗುಂಡು ಉರುಟಾಗಿ ಉಳಿಯಲಿಲ್ಲ. ಹರಿವಾಣದಲ್ಲಿ ಉರುಳಿಸಿ ನೋಡುವ ತಾಳ್ಮೆ ನನಗಿರಲಿಲ್ಲ.

ಪರವಾನಗಿ ಮಾವನವರ ಹೆಸರಿನಲ್ಲಿದ್ದಿತು. ನಾನು ಕೋವಿಯನ್ನು ಮುಟ್ಟತಕ್ಕದ್ದೇ ಅಲ್ಲ. ಅದೂ ನನಗೆ ತಿಳಿದಿದ್ದಿತು.

ಆ ರಾತ್ರಿ ಮಳೆ ಹೊಳವಾಗಿದ್ದಿತು. ಅಟ್ಟಣೆಯಲ್ಲಿ ನನ್ನೊಂದಿಗೆ ನಮ್ಮ ಹಳೆಯ ಒಕ್ಕಲಿನವರೊಬ್ಬರು ಕುಳಿತಿದ್ದರು. ಅರುವತ್ತರ ಹತ್ತಿರದ ವಯಸ್ಸು. ಮಾವನವರ ಎಲ್ಲ ಬೇಟೆಗಳಲ್ಲಿಯೂ ಜೊತೆಗಿದ್ದವರು. ಗದ್ದೆಯೂ ಅವರು ಗೇಣಿಗೆ ಮಾಡುತ್ತಿದ್ದುದೇ. ಬೆಳೆ ಹೋದರೆ ಮೊದಲು ಹೊಟ್ಟೆಗೆ ಬೀಳುತ್ತಿದ್ದ ಪೆಟ್ಟು ಅವರದು. “ಗುಂಡು ಎಲ್ಲಿಂದ ಸಿಕ್ಕಿತು ಸಣ್ಣ ಧನಿ?” ಎಂದು ಕೇಳಿದರು. “ಉಡುಪಿಯಿಂದ” ಎಂದೆನು. ಮತ್ತೇನೂ ಕೇಳಲಿಲ್ಲ. ನಡುರಾತ್ರಿಯ ಮೇಲೆ ಒಂಟಿ ಹಂದಿಯೊಂದು ತೋಡನ್ನು ದಾಟಿ ಬಂದಿತು. ಇಪ್ಪತ್ತೈದು ಹೆಜ್ಜೆಯ ದೂರ. ಟಾರ್ಚಿನ ಬೆಳಕಿನಲ್ಲಿ ಹೆಗಲಿಗೆ ಗುರಿಯಿಟ್ಟು ಹಾರಿಸಿದೆನು. ಹೊಗೆ ಕರಗಿದಾಗ ಹಂದಿ ಅಲ್ಲಿರಲಿಲ್ಲ. ಪೈರಿನ ಮೇಲೆ ನೆತ್ತರಿದ್ದಿತು.

ತಾಗಿತೆಂಬ ಸಂತೋಷದಲ್ಲಿ ನಾನು ಮನೆಗೆ ಹೋಗಿ ಮಲಗಿದೆನು. ಮುದುಕರು ಮಲಗಲಿಲ್ಲ. ಪೆಟ್ಟು ತಿಂದ ಮೃಗವನ್ನು ಹಾಗೆಯೇ ಬಿಡಬಾರದೆಂಬುದು ಮಾವನವರ ಮನೆಯ ಕ್ರಮ. ಅದು ನನಗಿಂತ ಅವರಿಗೆ ಚೆನ್ನಾಗಿ ನೆನಪಿದ್ದಿತು. ಬೆಳಕು ಹರಿಯುವುದಕ್ಕೂ ಮೊದಲೇ ಕತ್ತಿ ಹಿಡಿದು ನೆತ್ತರಿನ ಜಾಡಿನಲ್ಲಿ ಒಬ್ಬರೇ ಹೊರಟರು. ತೋಡಿನ ಆಚೆಯ ಕೇದಗೆಯ ಪೊದೆಯಿಂದ ಹಂದಿ ಅವರ ಮೇಲೆ ಎರಗಿತು. ಕೂಗು ಕೇಳಿ ನಾವು ಓಡಿಹೋಗುವಾಗ ಎಡದೊಡೆ ಮೊಣಕಾಲಿನಿಂದ ಮೇಲಕ್ಕೆ ಸೀಳಿಹೋಗಿದ್ದಿತು.

ಕುರ್ಚಿಗೆ ಬಿದಿರು ಕಟ್ಟಿ ಹೊತ್ತುಕೊಂಡು ರಸ್ತೆಗೆ ತಂದೆವು. ಒಂದು ಜೀಪು ಸಿಕ್ಕಿತು. ಕಾರ್ಕಳದಿಂದ ಮಣಿಪಾಲಕ್ಕೆ ಅಂದು ಎಷ್ಟು ಹೊತ್ತು ಹಿಡಿಯಿತೆಂಬುದು ನನಗೆ ನೆನಪಿಲ್ಲ. ಜೀಪಿನ ತಳದಲ್ಲಿ ನನ್ನ ಕಾಲಿನ ಬೆರಳುಗಳ ಸುತ್ತ ನೆತ್ತರು ಕೂಡುತ್ತಿದ್ದುದು ನೆನಪಿದೆ. ಬೋಳುಗುಡ್ಡವಾಗಿದ್ದ ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜೂ, 1961ರಲ್ಲಿ ಆಸ್ಪತ್ರೆಯೂ ಎದ್ದಿರದಿದ್ದರೆ ಅವರು ಬದುಕುತ್ತಿರಲಿಲ್ಲ. ಕಾಲು ಉಳಿಯಿತು, ಆದರೆ ಕುಂಟು ಹೋಗಲಿಲ್ಲ. ಮೂರನೆಯ ದಿನ ಹಾಸಿಗೆಯ ಬಳಿ ನಿಂತು ನಾನು ಏನು ಹೇಳಬೇಕೆಂದು ತೋಚದೆ, “ಆ ಹಂದಿಯನ್ನು ಬಿಡುವುದಿಲ್ಲ” ಎಂದೆನು. ಮುದುಕರು ನನ್ನನ್ನು ಸ್ವಲ್ಪ ಹೊತ್ತು ನೋಡಿ, “ಹಂದಿಯ ತಪ್ಪೇನಿಲ್ಲ ಸಣ್ಣ ಧನಿ, ಅದಕ್ಕೂ ನೋಯುತ್ತಿತ್ತು” ಎಂದರು.

ಹಂದಿಯನ್ನು ನಾನು ಕೊಲ್ಲಲಿಲ್ಲ. ಮಂಗಳೂರಿನಿಂದ ಮರಳಿದ ಮಾವನವರು ನನ್ನನ್ನು ಒಂದು ಮಾತೂ ಆಡಲಿಲ್ಲ. ನೇರವಾಗಿ ಕಾಪುವಿಗೆ ಹೋದರು. ಸ್ನೇಹಿತರು ತಮ್ಮ ಹೊಸ ಬಲೆಯಿಂದಲೇ ಮಣಿಗಳನ್ನು ಕಳಚಿ ಕೊಟ್ಟರೆಂದು ಬಳಿಕ ತಿಳಿಯಿತು. ಆ ರಾತ್ರಿಯೇ ಎರೆದು, ಉರುಳಿಸಿ ನೋಡಿ, ಮೂರು ಗುಂಡುಗಳನ್ನು ಆರಿಸಿಕೊಂಡು ಮರುದಿನ ಬೆಳಗ್ಗೆ ಕಾಡಿಗೆ ಹೊರಟರು; ನನ್ನನ್ನೂ ಕರೆದರು. ಎರಡನೆಯ ದಿನದ ಸಂಜೆಗೆ ಒಂದು ಕೊಳೆಕಟ್ಟಿದ ಗುಂಡಿಯಲ್ಲಿ ಹಂದಿ ಮಲಗಿರುವುದನ್ನು ಕಂಡೆವು. ಏಳಲು ಅದಕ್ಕೆ ಶಕ್ತಿಯಿರಲಿಲ್ಲ. ಮಾವನವರು ಹತ್ತಿರಕ್ಕೆ ಹೋಗಿ ಹಾರಿಸಿದರು. ಅದು ಮತ್ತೆ ಅಲುಗಲಿಲ್ಲ.

ಆಮೇಲೆ ಅವರು ಮಾಡಿದುದು ನನಗೆ ಕೊಟ್ಟ ಏಕೈಕ ಶಿಕ್ಷೆ. ಕತ್ತಿಯಿಂದ ಸೀಳಿ ಎರಡು ಗಾಯಗಳನ್ನೂ ತೋರಿಸಿದರು. ನನ್ನ ಗುಂಡು ಹೆಗಲಿಗೆ ತಾಗದೆ ಗೇಣುದ್ದ ಹಿಂದೆ ಹೊಟ್ಟೆಗೆ ತಾಗಿದ್ದಿತು. ಒಳಹೊಕ್ಕ ತೂತು ಎಷ್ಟೋ, ಹೊರಬಿದ್ದ ತೂತೂ ಅಷ್ಟೇ: ಬಡಗಿಯು ಬೈರಿಗೆಯಿಂದ ಕೊರೆದಂತೆ. ಆ ಗುಂಡು ತನ್ನ ರೂಪವನ್ನು ಸ್ವಲ್ಪವೂ ಕೆಡಿಸಿಕೊಳ್ಳದೆ, ಪ್ರಾಣವನ್ನೂ ತೆಗೆಯದೆ, ಎಲ್ಲಿಯೋ ಗದ್ದೆಯ ಕೆಸರನ್ನು ಸೇರಿದ್ದಿತು. ಗಾಯದಲ್ಲಿ ಆಗಲೇ ಹುಳುಗಳಿದ್ದವು. ಮಾವನವರ ಗುಂಡು ಆಚೆಯ ಬದಿಯ ಚರ್ಮದ ಕೆಳಗೆ ಸಿಕ್ಕಿತು. ಅದು ಈಗ ಗುಂಡಾಗಿರಲಿಲ್ಲ. ಹಳೆಯ ಬೆಳ್ಳಿಯ ರೂಪಾಯಿಯಷ್ಟು ಅಗಲಕ್ಕೆ ಅಣಬೆಯಂತೆ ಅರಳಿದ್ದಿತು. ತನ್ನ ವೇಗವನ್ನೆಲ್ಲ ಒಳಗೇ ಖರ್ಚುಮಾಡಿ ಅಲ್ಲಿಯೇ ನಿಂತಿದ್ದಿತು. ಅದನ್ನು ತೋಡಿನ ನೀರಿನಲ್ಲಿ ತೊಳೆದು ನನ್ನ ಅಂಗೈಯಲ್ಲಿಟ್ಟು, “ನೋಡಿಕೋ” ಎಂದರು. ಅಷ್ಟೇ.

ಬೇಟೆಯ ಗುಂಡಿನ ಗುಣವೇನೆಂದು ದೊಡ್ಡ ದೊಡ್ಡ ಗ್ರಂಥಗಳಲ್ಲಿ ಬರೆದಿದ್ದಾರೆ. ಸೀಸಕ್ಕೆ ತಾಮ್ರದ ಹೊದಿಕೆ ಹಾಕಿ ತುದಿಯನ್ನು ಮಾತ್ರ ಮೆದುವಾಗಿ ಬಿಟ್ಟ ಗುಂಡುಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದವು; ನಮ್ಮ ಸರಕಾರದ ಕಾರ್ಖಾನೆಗಳ .315 ರೈಫಲಿನ ತೋಟೆಯಲ್ಲಿಯೂ ಅಂತಹದೇ ಗುಂಡು. ಎಷ್ಟು ಆಳಕ್ಕೆ ಹೋಗಬೇಕು, ಎಷ್ಟು ಅರಳಬೇಕು ಎಂಬುದೇ ಆ ವಿದ್ಯೆಯ ಸಾರ. ನನಗೆ ಆ ವಿದ್ಯೆಯೆಲ್ಲ ಆ ಸಂಜೆ ಅಂಗೈಯಲ್ಲಿ ತಿಳಿಯಿತು. ಒಳ್ಳೆಯ ಗುಂಡೆಂದರೆ ದೂರ ಹೋಗುವುದಲ್ಲ, ಸದ್ದು ಮಾಡುವುದಲ್ಲ. ಕೊಲ್ಲಲೇಬೇಕಾದ ಪ್ರಾಣಿಯನ್ನು ಎರಡು ದಿನ ನರಳಿಸದೆ ಮುಗಿಸುವುದು. ಅಂತಹ ಗುಂಡು ಸಿಕ್ಕದಿದ್ದರೆ ಬರಿಯ ಮದ್ದಿನ ಈಡೇ ಮೇಲು. ಮಾವನವರ ಹಟವು ಮುದಿತನವಾಗಿರಲಿಲ್ಲ.

ಮರುವರ್ಷ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1991ರ ತಿದ್ದುಪಡಿಯ ಮೇಲಂತೂ ಮೋಜಿನ ಬೇಟೆಗೆ ಬಾಗಿಲು ಪೂರ್ಣವಾಗಿ ಮುಚ್ಚಿತು. 1974ರ ಭೂಸುಧಾರಣೆಯಲ್ಲಿ ಆ ಗದ್ದೆ ನಮ್ಮ ಒಕ್ಕಲಿನವರದೇ ಆಯಿತು. ಧನಿಯಾಗಿ ಅವರು ಕುಂಟುತ್ತಲೇ ಹದಿನೈದು ಬೆಳೆ ತೆಗೆದರು. ಮಾವನವರು ಕೋವಿಯನ್ನು ಮತ್ತೆ ಗುಂಡಿಟ್ಟು ಹಾರಿಸಲಿಲ್ಲ. ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ಒರೆಸಿಡುವರು. ಅವರು ತೀರಿಕೊಂಡ ಮೇಲೆ ಕೋವಿಯೂ ಪರವಾನಗಿಯೂ ನನ್ನ ಹೆಸರಿಗೆ ಬಂದವು. ಜೊತೆಗೆ ಅಚ್ಚು, ಮತ್ತು ಚೀಲದಲ್ಲಿ ಹದಿನೇಳು ಮೆದುಸೀಸದ ಗುಂಡುಗಳು.

ಇಂದಿನ ಕೃಷಿಕನ ಸಂಕಟವನ್ನು ನಾನು ಕಡಿಮೆಯೆಂದು ಹೇಳುವವನಲ್ಲ. ಹಂದಿಯಿದೆ, ಮಂಗವಿದೆ, ನವಿಲಿದೆ; ಗದ್ದೆಯನ್ನು ಹಡೀಲು ಬಿಟ್ಟವರು ನಮ್ಮ ಊರಿನಲ್ಲಿಯೇ ಎಷ್ಟೋ ಮಂದಿ. ಬೆಳೆಗೆ ಅಪಾಯಕಾರಿಯಾದ ಪ್ರಾಣಿಯನ್ನು ಕೊಲ್ಲಲು ಅಧಿಕಾರಿಗಳು ಲಿಖಿತ ಅಪ್ಪಣೆ ಕೊಡಬಹುದೆಂದು ಕಾಯಿದೆಯ 11ನೆಯ ವಿಧಿ ಹೇಳುತ್ತದೆ. ಈ ಅಪ್ಪಣೆ ಸುಲಭವಾಗಬೇಕೆಂದು ಕೆಲವರು ಕೇಳುತ್ತಾರೆ. ಕೂಡದೆಂದು ಕೆಲವರು ವಾದಿಸುತ್ತಾರೆ. ಎರಡು ಕಡೆಯವರೂ ಕೋವಿಯ ಲೆಕ್ಕವನ್ನು ಮಾಡುತ್ತಾರೆ. ಗುಂಡಿನ ಲೆಕ್ಕವನ್ನು ಮಾಡುವುದಿಲ್ಲ. ಖಡಕಿಯ ಕಾರ್ಖಾನೆಯ ತೋಟೆಗಳು ಸಿಕ್ಕುತ್ತವೆ, ನಿಜ. ಆದರೆ ಔನ್ಸಿಗೆ ಆರು ತೂಗುವ ಎಲ್‌ಜಿ ಚರೆ ಯಾವುದಕ್ಕೆ, ಎಂಟು ತೂಗುವ ಎಸ್‌ಜಿ ಯಾವುದಕ್ಕೆ, ನೂರ ಎಪ್ಪತ್ತು ತೂಗುವ ನಾಲ್ಕನೆಯ ನಂಬರಿನ ಹಕ್ಕಿಯ ಚರೆಯನ್ನು ಹಂದಿಗೆ ಹಾರಿಸಿದರೆ ಏನಾಗುವುದು ಎಂದು ಕೊಳ್ಳುವವನಿಗೆ ತಿಳಿದಿರಬೇಡವೆ? ಸಿಕ್ಕಿದುದನ್ನು ತುಂಬಿಸಿ ಕತ್ತಲೆಗೆ ಹಾರಿಸಿದರೆ, ಮುಂಜಾನೆ ಪೊದೆಯ ಬಳಿಗೆ ಹೋಗುವವರು ಯಾರು? ಉರುಳು, ವಿದ್ಯುತ್ತಿನ ಬೇಲಿ, ಸಿಡಿಮದ್ದಿನ ಉಂಡೆ ಇವುಗಳ ಮಾತನ್ನಂತೂ ಆಡುವುದೇ ಬೇಡ. ಅವುಗಳಲ್ಲಿ ಹಿಂಬಾಲಿಸುವ ಪ್ರಶ್ನೆಯೇ ಇಲ್ಲ.

ಮೆದುಸೀಸವೂ ನಿರ್ದೋಷಿಯಲ್ಲವೆಂದು ಈಗ ತಿಳಿದಿದೆ. ಅರಳುವಾಗ ಉದುರಿದ ಸಣ್ಣ ಕಣಗಳು ಮಾಂಸದಲ್ಲಿ ಉಳಿದು ತಿಂದವರಿಗೂ ಹದ್ದುಗಳಿಗೂ ವಿಷವಾಗುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡನ್ನು ಸಂಪೂರ್ಣವಾಗಿ ನಿಷೇಧಿಸಿದ್ದಾರೆ. ಮಾವನವರು ಬದುಕಿದ್ದರೆ ಈ ಸುದ್ದಿಯನ್ನು ಗಮನವಿಟ್ಟು ಕೇಳಿ, “ಹಾಗಾದರೆ ಈಗ ಯಾವುದರಿಂದ ಎರೆಯುತ್ತಾರಂತೆ?” ಎಂದು ವಿಚಾರಿಸುತ್ತಿದ್ದರು.

ನನಗೆ ಎಪ್ಪತ್ತು ದಾಟಿತು. ರಾತ್ರಿ ಕಣ್ಣು ಮಂದ. ಕಾಡಿನಲ್ಲಿ ಎರಡು ದಿನ ನಡೆಯುವ ಕಾಲಿಲ್ಲ. ತಂಗಿಯ ಮಗನು ಮಣಿಪಾಲದಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ಕೋವಿಯ ಆಸೆಯಿಲ್ಲ. ಹಿಂಬಾಲಿಸಲು ಆಗದವನು ಹಾರಿಸಕೂಡದು. ಹಾರಿಸಕೂಡದವನಿಗೆ ಕೋವಿ ಯಾತಕ್ಕೆ? ನೆರೆಯವರ ಪ್ರಶ್ನೆಗೆ ನನ್ನ ಉತ್ತರವು ಇಷ್ಟೇ. ಕೈಲಾಗುವವರು, ಅಪ್ಪಣೆಯಿದ್ದವರು, ಒಳ್ಳೆಯ ಗುಂಡನ್ನು ಬಲ್ಲವರು ಇದ್ದರೆ ಅವರನ್ನು ನಾನು ತಡೆಯುವವನಲ್ಲ.

ಕೋವಿಯನ್ನು ಬಿಟ್ಟುಕೊಟ್ಟ ವಾರದಲ್ಲಿಯೇ ಹದಿನೇಳು ಗುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕಾಪುವಿಗೆ ಹೋದೆನು. ಮಾವನವರ ಸ್ನೇಹಿತರ ಮೊಮ್ಮಗನು ಮನೆಯಲ್ಲಿದ್ದನು. ದೊಡ್ಡ ದೋಣಿಯ ಕೆಲಸವಿಲ್ಲದ ಮಳೆಗಾಲದಲ್ಲಿ ಆತನೂ ಹೊಳೆಯ ಬಾಯಲ್ಲಿ ಬೀಸುಬಲೆ ಹಾಕುವುದುಂಟು. ಗುಂಡೊಂದನ್ನು ಎತ್ತಿಕೊಂಡು, ನಾನು ಹೇಳಿಕೊಡದೆಯೇ, ಉಗುರಿನಿಂದ ಗೀರಿ ನೋಡಿದನು. “ಒಳ್ಳೆ ಸೀಸ” ಎಂದನು. ಸುತ್ತಿಗೆಯಿಂದ ಬಡಿದು ಪಟ್ಟಿ ಮಾಡಿ ಬಲೆಯ ಅಂಚಿನ ಹಗ್ಗಕ್ಕೆ ಮಡಚಿದನು. ನಾನು ಹೊರಡುವ ಹೊತ್ತಿಗೆ ಹದಿನೇಳೂ ಮುಗಿದಿದ್ದವು. ಬರುವಾಗ ನನ್ನ ಕೈಗೆ ಒಂದು ಪೊಟ್ಟಣ ಒಣಮೀನನ್ನು ಕೊಟ್ಟನು.

ಅಚ್ಚು ನನ್ನ ಮೇಜಿನ ಮೇಲಿದೆ.